ಸ್ವಂತ ಸೈಟಿನ ಮರ ಕಡಿಸೋಕೂ ಅನುಮತಿ ಬೇಕಾ? (ಗುಲ್‌ಮೊಹರ್, ಬುಡದಲ್ಲಿ ಅಣಬೆ)

ಕತ್ತಿಕಾಯಿ
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಹಳೇ ಬಡಾವಣೆ, 40-60 ಸೈಟು. ಹಿತ್ತಲಿನ ಮೂಲೆಯಲ್ಲಿ ಅಪ್ಪ ನೆಟ್ಟ ಗುಲ್‌ಮೊಹರ್ ಇದೆ. ಎರಡು ಮಹಡಿ ದಾಟಿ ಬೆಳೆದಿದೆ. ಹೋದ ಮಳೆಗಾಲದಿಂದ ಬುಡದಲ್ಲಿ ಅಂಗೈ ಅಗಲದ ಕಂದು ಅಣಬೆ ಬರುತ್ತಿದೆ, ಮುಟ್ಟಿದರೆ ಕಟ್ಟಿಗೆಯಷ್ಟೇ ಗಟ್ಟಿ. ಕಿತ್ತು ಹಾಕಿದರೂ ಮತ್ತೆ ಬರುತ್ತೆ. ಮರ ಹಿಂದಿನ ಮನೆ ಕಡೆ ವಾಲಿದೆ. ಅದು ಶೀಟಿನ ಮನೆ, ಬಾಡಿಗೆಗಿರುವವರಿಗೆ ಸಣ್ಣ ಮಕ್ಕಳಿದ್ದಾರೆ. ಗಾಳಿ ಜೋರಾದರೆ ಆ ಮನೆಯ ಅಮ್ಮ ಹೊರಗೆ ಬಂದು ಮರವನ್ನೇ ನೋಡುತ್ತಾ ನಿಲ್ಲುತ್ತಾರೆ. ಏನೂ ಹೇಳಲ್ಲ. ಅದೇ ನನಗೆ ಜಾಸ್ತಿ ಕಷ್ಟ.

ಮರ ಕಡಿಯುವವರನ್ನು ಕರೆಸಿ ತೋರಿಸಿದೆ. "ಸರ್, ನಿಮ್ಮ ಜಾಗದ ಮರಕ್ಕೆ ಯಾವ ಪರ್ಮಿಷನ್ನೂ ಬೇಡ. ಭಾನುವಾರ ಬೆಳಗ್ಗೆ ಆರಕ್ಕೆ ಬಂದರೆ ಹತ್ತರೊಳಗೆ ಲೋಡ್ ಹೋಗಿರುತ್ತೆ" ಅಂದರು. ಬೇಡ ಅನ್ನುವುದಾದರೆ ಭಾನುವಾರವೇ ಯಾಕೆ ಅಂತ ನನಗೆ ಅನುಮಾನ. ಜೊತೆಗೆ ಒಂದು ತೆಂಗು, ಒಂದು ಮಾವು ಕೂಡ ಇವೆ. ಮಾವಿನ ಕೊಂಬೆ ಕರೆಂಟ್ ವೈರಿಗೆ ತಾಗುತ್ತಿದೆ. ಗೊತ್ತಿರುವವರು ಹೇಳಿ.

ವಾರ್ಡ್‌ಸುತ್ತು
ಬೇಕು ಸರ್. ಅನುಮಾನವೇ ಬೇಡ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರದ್ದು ಒಂದಿದೆ. ಅದರಲ್ಲಿ ರಸ್ತೆ ಬದಿಯ ಮರ, ಮನೆ ಹಿತ್ತಲಿನ ಮರ ಅಂತ ಭೇದವಿಲ್ಲ. ನೆಟ್ಟವರು ಯಾರು ಅಂತಲೂ ಕೇಳಲ್ಲ. ಕಡಿಯುವ ಮುಂಚೆ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಬೇಕು.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆ ಕಾಯ್ದೆ ಪ್ರಕಾರ "ಕಡಿಯುವುದು" ಅಂದರೆ ಬುಡಕ್ಕೆ ಗರಗಸ ಹಾಕುವುದಷ್ಟೇ ಅಲ್ಲ. ಬೇರು ಸಮೇತ ಕೀಳುವುದು, ಕೊಂಬೆ ಸವರುವುದು, ತೊಗಟೆಯನ್ನು ಸುತ್ತ ಸುಲಿಯುವುದು, ಔಷಧಿ ಸುರಿದು ಒಣಗಿಸುವುದು, ಸುಡುವುದು, ಎಲ್ಲವೂ ಅದರೊಳಗೆ ಬರುತ್ತೆ. ಬುಡಕ್ಕೆ ತೂತು ಕೊರೆದು ಆಸಿಡ್ ಹಾಕಿ "ತಾನಾಗೇ ಒಣಗಿತು" ಅನ್ನುವವರು ಇದ್ದಾರಲ್ಲ, ಅವರಿಗಾಗಿಯೇ ಬರೆದಂತಿದೆ.

ಬೆಂಗಳೂರಲ್ಲಿ ಈ ಕೆಲಸ ಬಿಬಿಎಂಪಿಯ ಅರಣ್ಯ ವಿಭಾಗದ್ದಾಗಿತ್ತು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಆಗಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಬರುತ್ತೆ ನೋಡಿಕೊಂಡು ಅಲ್ಲಿನ ಅರಣ್ಯ ವಿಭಾಗದಲ್ಲಿ ವಿಚಾರಿಸಿ.

ರಾಗಿಮುದ್ದೆ
ಅಪ್ಪ ನೆಟ್ಟಿದ್ದು, ಮಗ ನೀರು ಹಾಕಿದ್ದು, ತೆರಿಗೆ ಕಟ್ಟೋದು ಇವರೇ. ಮಧ್ಯೆ ಸರ್ಕಾರಕ್ಕೇನು ಕೆಲಸ? 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಅಂತ 812 ಮರಕ್ಕೆ ಕೊಡಲಿ ಎತ್ತಿದವರು ಯಾರು? 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಾತ್ರೋರಾತ್ರಿ ನಲವತ್ತು ಮರ ಉರುಳಿತಲ್ಲ, ಅದು? ದೊಡ್ಡವರಿಗೆ ಒಂದು ನ್ಯಾಯ, ಹಿತ್ತಲಿನ ಒಂದು ಮರಕ್ಕೆ ಅರ್ಜಿ, ಫೋಟೋ, ಪರಿಶೀಲನೆ. ಸುಮ್ನೆ ಭಾನುವಾರ ಮುಗಿಸಿ ಸ್ವಾಮಿ.

ಸಂಪಿಗೆರಸ್ತೆ
ರಾಗಿಮುದ್ದೆ ಅಣ್ಣ, ಆ ಉಕ್ಕಿನ ಸೇತುವೆ ಆಗಲೇ ಇಲ್ಲ ಅನ್ನೋದನ್ನೂ ಹೇಳಿ. ಜನ ಬೀದಿಗಿಳಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು ಅಂತ ಇದೇ ಕಾಯ್ದೆಯಲ್ಲಿದೆ. ದೊಡ್ಡವರನ್ನು ಹಿಡಿಯೋಕೆ ನಮ್ಮ ಕೈಯಲ್ಲಿರುವ ಹಗ್ಗ ಅದೇ. ಅದನ್ನು ನಾವೇ ಭಾನುವಾರ ಕತ್ತರಿಸಿದರೆ ಸೋಮವಾರ ಯಾವ ಮುಖ ಇಟ್ಟುಕೊಂಡು ಕೇಳೋದು?

ರಾಗಿಮುದ್ದೆ
ಮಾತು ಚೆನ್ನಾಗಿದೆ. ಶೀಟಿನ ಮೇಲೆ ಮರ ಬಿದ್ದರೆ ಹಗ್ಗ ಹಿಡಿದುಕೊಂಡು ಯಾರು ಬರ್ತಾರೆ ಅಂತಲೂ ಹೇಳಿ.

ವಾರ್ಡ್‌ಸುತ್ತು
ಅದಕ್ಕೇ ಹೇಳೋದು, ಕಾಯ್ದೆ ನಿಮ್ಮ ಪರವಾಗಿಯೇ ಇದೆ. ಯಾವ್ಯಾವ ಕಾರಣಕ್ಕೆ ಮರ ಕಡಿಯಬಹುದು ಅಂತ 8ನೇ ಕಲಮಿನಲ್ಲಿ ಪಟ್ಟಿಯೇ ಇದೆ. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಉರುಳಿದ್ದು. ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂಥದ್ದು. ಸಂಚಾರಕ್ಕೆ ಅಡ್ಡ ಇರುವುದು. ಸಿಡಿಲು, ಬೆಂಕಿ, ಮಳೆಗೆ ಹಾಳಾಗಿದ್ದು. ಈ ಕಾರಣಗಳಲ್ಲಿ ಯಾವುದಾದರೂ ನಿಜಕ್ಕೂ ಇದೆ ಅಂತ ಅಧಿಕಾರಿಗೆ ಕಂಡರೆ ಅನುಮತಿ ನಿರಾಕರಿಸುವ ಹಾಗಿಲ್ಲ.

ಜನ ಏನು ಬರೀತಾರೆ ಗೊತ್ತಾ? "ಎಲೆ ಉದುರುತ್ತೆ, ದಿನಾ ಗುಡಿಸೋಕಾಗಲ್ಲ." "ಕಾಗೆ ಕೂತು ಕಾರಿನ ಮೇಲೆ ಗಲೀಜು." "ವಾಸ್ತು ಪ್ರಕಾರ ಈಶಾನ್ಯದಲ್ಲಿ ಮರ ಇರಬಾರದಂತೆ." ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಅರ್ಜಿ ಅಲ್ಲೇ ಬಿದ್ದುಹೋಗುತ್ತೆ. ಆಮೇಲೆ ಲಂಚ ಕೊಡದಿದ್ದಕ್ಕೆ ಆಗಲಿಲ್ಲ ಅಂತಾರೆ. ಕೆಲವು ಕಡೆ ಅದೂ ಇರಬಹುದು. ಆದರೆ ಅರ್ಧಕ್ಕರ್ಧ ಅರ್ಜಿ ಬರೆದ ರೀತಿಯಲ್ಲೇ ಕೆಡೋದು.

ಕತ್ತಿಕಾಯಿ ಸರ್, ನಿಮ್ಮ ಮೇಲಿನ ಬರಹದಲ್ಲಿರುವುದನ್ನೇ ಅರ್ಜಿಗೆ ಹಾಕಿ. ಬುಡದಲ್ಲಿ ಅಣಬೆ, ವಾಲಿರುವ ದಿಕ್ಕು, ಆ ದಿಕ್ಕಿನಲ್ಲಿ ಜನ ವಾಸ ಇರುವ ಶೀಟಿನ ಮನೆ. ಫೋಟೋಗಳು ಹೀಗಿರಲಿ: ದೂರದಿಂದ ಇಡೀ ಮರ, ಪಕ್ಕದ ಗೋಡೆ ಅಥವಾ ಕಂಬವೂ ಕಾಣುವ ಹಾಗೆ. ಹಾಗಿದ್ದರೆ ಎಷ್ಟು ವಾಲಿದೆ ಅಂತ ಗೊತ್ತಾಗುತ್ತೆ. ಅಣಬೆಯ ಪಕ್ಕ ಒಂದು ಸ್ಕೇಲು ಇಟ್ಟು ಹತ್ತಿರದಿಂದ ಒಂದು. ಮರದ ಕೆಳಗಿಂದ ಆ ಮನೆ ಎಷ್ಟು ದೂರ ಅಂತ ತೋರಿಸುವ ಒಂದು. ಮನೆ ಯಾರ ಹೆಸರಲ್ಲಿದೆ ಅನ್ನೋದಕ್ಕೆ ಖಾತೆ ಅಥವಾ ತೆರಿಗೆ ರಸೀದಿಯ ನಕಲು ಇಟ್ಟುಕೊಳ್ಳಿ. ಹಿಂದಿನ ಮನೆಯವರಿಂದ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿದರೆ ಇನ್ನೂ ಒಳ್ಳೆಯದು. ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ.

ಕತ್ತಿಕಾಯಿ
ತುಂಬಾ ಉಪಕಾರ ಆಯಿತು ಸರ್. ಅಪ್ಪ ಈಗಿಲ್ಲ, ಖಾತೆ ಅಮ್ಮನ ಹೆಸರಲ್ಲಿದೆ. ಅಮ್ಮ ಕಡಿಸೋದು ಬೇಡ ಅಂತಲೇ ಹೇಳುತ್ತಿದ್ದಾರೆ. ಅವರೇ ಅರ್ಜಿ ಹಾಕಬೇಕಲ್ವಾ?

ವಾರ್ಡ್‌ಸುತ್ತು
ಹೌದು, ಅವರ ಸಹಿಯೇ ಆಗಬೇಕು. ಓಡಾಟ ನೀವು ಮಾಡಿ.

ಸಂಪಿಗೆರಸ್ತೆ
ಅಮ್ಮನ ಮಾತನ್ನು ಒಂದು ಸಲ ಕಿವಿಗೆ ಹಾಕಿಕೊಳ್ಳಿ. ಅಣಬೆ ಕಂಡ ತಕ್ಷಣ ಮರ ಸತ್ತಿತು ಅಂತಲ್ಲ. ಕೊಂಬೆ ಮೇಲೆ ಬಂದಿದ್ದರೆ ಆ ಕೊಂಬೆ ತೆಗೆದು ಮರ ಉಳಿಸಬಹುದು. ಬುಡದಲ್ಲಿ, ಬೇರು ಶುರುವಾಗುವ ಜಾಗದಲ್ಲೇ ಬಂದಿದ್ದರೆ ಮಾತು ಬೇರೆ. ಒಳಗೆ ಕೊಳೆತಿರುತ್ತೆ, ಮೇಲೆ ಎಲೆ ಹಸಿರಾಗಿಯೇ ಇರುತ್ತೆ. ಮರದ ಸುತ್ತಿಗೆಯಲ್ಲಿ ಬುಡದ ಸುತ್ತ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಟಕ್ ಅನ್ನುತ್ತೆ, ಪೊಳ್ಳಾಗಿರುವ ಕಡೆ ದೊಪ್ ಅನ್ನುತ್ತೆ.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ. ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿ ಕೆಂಪಾಗೋದು ಅದರಿಂದಲೇ. ನನಗೂ ಇಷ್ಟ. ಆದರೆ ಬೇರು ಆಳಕ್ಕೆ ಇಳಿಯಲ್ಲ, ಕಟ್ಟಿಗೆ ಮೆದು. ಮುಂಗಾರಿಗೆ ಮುಂಚಿನ ಗಾಳಿಗೆ ಮೊದಲು ಬೀಳೋ ಮರಗಳಲ್ಲಿ ಇದೂ ಒಂದು. 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದಾಗ ಊರ ತುಂಬಾ ಮರ ಬಿದ್ದಿದ್ದು ನೆನಪಿದೆಯಲ್ಲ?

ಬುಡದ ಸುತ್ತ ಸಿಮೆಂಟ್ ಹಾಕಿಸಿದ್ದೀರಾ?

ಕತ್ತಿಕಾಯಿ
ಹಾಕಿದೆ. ಬಟ್ಟೆ ಒಗೆಯುವ ಕಲ್ಲು ಅಲ್ಲೇ ಇರೋದು. ಕೆಸರಾಗುತ್ತೆ ಅಂತ ಕಾಂಡದವರೆಗೂ ಸಿಮೆಂಟ್ ಎಳೆಸಿದ್ದಾರೆ.

ಸಂಪಿಗೆರಸ್ತೆ
ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಮಾವಿನ ಬುಡದಲ್ಲೂ ಸಿಮೆಂಟ್ ಇದ್ದರೆ ಈಗಲೇ ಒಡೆಸಿ, ಸುತ್ತ ಮೂರಡಿ ಮಣ್ಣು ಬಿಡಿಸಿ. ಒಡೆಯುವವರಿಗೆ ಬೇರು ನೋಡಿಕೊಂಡು ಹಾರೆ ಹಾಕೋಕೆ ಹೇಳಿ.

ತೋಟದಮನೆ
ನಾನು ಮಲೆನಾಡಿನವನು. ತೆಂಗಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ಗ್ಲಿರಿಸಿಡಿಯಾ ಇವಕ್ಕೆಲ್ಲ ಕಾಯ್ದೆಯಲ್ಲೇ ವಿನಾಯಿತಿ ಇದೆ. ಅನುಮತಿ ಬೇಡ. ಆ ಪಟ್ಟಿಗೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಮಾವಿಗೆ ಏನು ಅಂತ ಕಚೇರಿಯಲ್ಲಿ ಈಗಿನ ಪಟ್ಟಿ ತೋರಿಸಿ ಅಂತ ಕೇಳಿಬಿಡಿ. ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿ ನಂಬಬೇಡಿ.

ನಮ್ಮ ಕಡೆ ಕಥೆ ಇನ್ನೂ ದೊಡ್ಡದು. ಕಡಿಯೋಕೆ ಒಂದು ಕಾಗದ, ಸಾಗಿಸೋಕೆ ಇನ್ನೊಂದು. ತೇಗ, ಬೀಟೆ, ಹಲಸು ಕಡಿದು ಮನೆ ಮುಂದೆ ರಾಶಿ ಹಾಕಿದರೆ ಸಾಲದು. ಲಾರಿಗೆ ಏರಿಸುವ ಮುಂಚೆ ಅರಣ್ಯ ಇಲಾಖೆಯ ಸಾಗಣೆ ಪರ್ಮಿಟ್ ಬೇಕು. ನಾಟಾದ ಮೇಲೆ ಇಲಾಖೆಯವರ ಸುತ್ತಿಗೆ ಗುರುತು ಬೀಳಬೇಕು. ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಲಾರಿ ಸಮೇತ ಕೂರಿಸ್ತಾರೆ. ಶ್ರೀಗಂಧದ ಮಾತಂತೂ ಬೇರೆಯೇ. 2001ರ ತಿದ್ದುಪಡಿ ಆದ ಮೇಲೆ ಜಮೀನಿನವನೇ ಮರದ ಮಾಲೀಕ ಅಂತ ಆಯಿತು. ಆದರೂ ಬೇಕಾದಾಗ ಕಡಿದು ಬೇಕಾದವರಿಗೆ ಮಾರುವ ಹಾಗಿಲ್ಲ. ಕೊಡಗಿನ ನಮ್ಮ ನೆಂಟರದು ಬಾಣೆ ಜಮೀನು, ಅಂದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆಗೆ ಅಂತ ಬಿಟ್ಟ ಕಾಡು ಜಾಗ. ರಿಡೀಮ್ಡಾ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು), ಅನ್‌ರಿಡೀಮ್ಡಾ ಅನ್ನೋದರ ಮೇಲೆ ಮರದ ಹಕ್ಕು ಯಾರದು ಅಂತ ನಿಂತಿರುತ್ತೆ. ನೆಟ್ಟವನು ತಾತ, ಮರದ ಬೆಲೆ ಸರ್ಕಾರಕ್ಕೆ ಕಟ್ಟುವವನು ಮೊಮ್ಮಗ.

ಬೆಂಗಳೂರು ಬಿಟ್ಟು ಬೇರೆ ಊರಿನವರು ಇದನ್ನು ಓದುತ್ತಿದ್ದರೆ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ವಿಚಾರಿಸಿ. ಪಂಚಾಯ್ತಿಯವರೋ ಪುರಸಭೆಯವರೋ ಬಾಯಿಮಾತಲ್ಲಿ "ಕಡ್ಕೊಳ್ಳಿ" ಅಂದರೆ ಅದು ಅನುಮತಿ ಅಲ್ಲ.

ಟೆರೇಸ್‌ಗಿಡ
ಇಲ್ಲೇ ಕೇಳಿಬಿಡ್ತೀನಿ. ಪಕ್ಕದ ಮನೆ ಹೊಂಗೆ ಕೊಂಬೆ ನಮ್ಮ ಟೆರೇಸಿನ ಮೇಲೆ ಪೂರ್ತಿ ಬಂದಿದೆ. ಬಿಸಿಲೇ ಬೀಳಲ್ಲ, ಸೋಲಾರ್ ಹೀಟರ್ ಕೆಲಸ ಮಾಡಲ್ಲ. ನಮ್ಮ ಗಡಿಯೊಳಗೆ ಬಂದ ಕೊಂಬೆ ನಾವು ಕಡಿಯಬಹುದು ಅಂತ ವಕೀಲರೊಬ್ಬರು ಹೇಳಿದ್ದರು.

ವಾರ್ಡ್‌ಸುತ್ತು
ಅಕ್ಕಪಕ್ಕದವರ ತಕರಾರಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಗಡಿ ದಾಟಿದ ಕೊಂಬೆ ತೆಗೆಯುವ ಹಕ್ಕು ನಿಮಗಿದೆ. ಆದರೆ ಮೇಲೆ ಹೇಳಿದೆನಲ್ಲ, ಈ ಕಾಯ್ದೆಯಲ್ಲಿ ಕೊಂಬೆ ಸವರುವುದೂ ಕಡಿಯುವುದೇ. ಹಾಗಾಗಿ ಅರ್ಜಿ ಕೊಡಿ, ಪಕ್ಕದವರೂ ಸಹಿ ಹಾಕಲಿ. ಇಬ್ಬರೂ ಸೇರಿ ಕೊಟ್ಟರೆ ಕೆಲಸ ಬೇಗ ಆಗುತ್ತೆ. ಮಾತು ಬಿಟ್ಟಿದ್ದರೆ ಮೊದಲು ಒಂದು ಡಬ್ಬಿ ಚಕ್ಕುಲಿ ಕಳಿಸಿ.

ಟೆರೇಸ್‌ಗಿಡ
ಚಕ್ಕುಲಿ ಕಳಿಸಿ ನೋಡಿದ್ದೀವಿ. ಡಬ್ಬಿಯೂ ವಾಪಸ್ ಬಂದಿಲ್ಲ 😄

ಲೈನ್‌ಮನ್‌ಮಗ
ವೈರಿಗೆ ತಾಗುವ ಮಾವಿನ ಕೊಂಬೆಗೆ ಯಾರನ್ನೂ ಹತ್ತಿಸಬೇಡಿ. ದಯವಿಟ್ಟು. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ, ಮಳೆ ಬಂದಿದ್ದರೆ ಕೇಳೋದೇ ಬೇಡ. ಬೆಸ್ಕಾಂಗೆ ಫೋನ್ ಮಾಡಿ ದೂರು ದಾಖಲಿಸಿ. ಲೈನ್ ಆಫ್ ಮಾಡಿ ಅವರೇ ಕೊಂಬೆ ತೆಗೀತಾರೆ. ಸೊಪ್ಪು, ಕೊಂಬೆ ಅಲ್ಲೇ ಬಿಟ್ಟು ಹೋಗ್ತಾರೆ, ಅದನ್ನು ಸಾಗಿಸೋದು ನಿಮ್ಮ ಪಾಡು. ಗಾಳಿಗೆ ಮುರಿದು ನೇತಾಡುತ್ತಿದ್ದರೆ ಪಾಲಿಕೆಯ 1533ಕ್ಕೂ ಕರೆ ಮಾಡಿ.

ಥೇಮ್ಸ್‌ತೀರ
ಇಂಗ್ಲೆಂಡಿನಿಂದ. ರಾಗಿಮುದ್ದೆಯವರು ಈ ರಗಳೆ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ ಇಲ್ಲಿನದು ಕೇಳಿ. ಕೌನ್ಸಿಲ್‌ನವರು ಒಂದೊಂದು ಮರಕ್ಕೇ ಸಂರಕ್ಷಣಾ ಆದೇಶ ಹೊರಡಿಸಿರುತ್ತಾರೆ. ಅದು ನಿಮ್ಮ ತೋಟದಲ್ಲೇ ಇರಲಿ, ಕೊಂಬೆ ಮುಟ್ಟೋಕೂ ಅವರ ಒಪ್ಪಿಗೆ ಬೇಕು. ಆದೇಶ ಇಲ್ಲದಿದ್ದರೂ ಮನೆ ಸಂರಕ್ಷಿತ ಪ್ರದೇಶದಲ್ಲಿದ್ದರೆ ಆರು ವಾರ ಮುಂಚೆ ನೋಟಿಸ್ ಕೊಡಬೇಕು. ಮನೆ ಕೊಳ್ಳುವಾಗಲೇ ವಕೀಲರು ಇದನ್ನು ಹುಡುಕಿ ಹೇಳ್ತಾರೆ. ನಮ್ಮ ಹಿತ್ತಲಿನಲ್ಲಿ ಒಂದು ಓಕ್ ಇದೆ. ಮನೆ ನಮ್ಮದು, ಮರದ ಮೇಲಿನ ಮಾತು ಕೌನ್ಸಿಲ್‌ದು.

ರಾಗಿಮುದ್ದೆ
ಅಲ್ಲಿ ಅರ್ಜಿ ಕೊಟ್ಟರೆ ಉತ್ತರ ಬರುತ್ತಲ್ಲ ತಾಯಿ. ನನ್ನ ತಕರಾರು ಅದು. ನಮ್ಮೂರಲ್ಲಿ ನನ್ನ ಭಾವ ಒಣಗಿದ ಬೇವಿಗೆ ಅರ್ಜಿ ಕೊಟ್ಟರು. ಫೈಲು ಎಲ್ಲಿದೆ ಅಂತ ಕೇಳಿದರೆ ಸಾಹೇಬರು ಟ್ರೈನಿಂಗ್‌ನಲ್ಲಿದ್ದಾರೆ, ಚುನಾವಣೆ ಕೆಲಸದಲ್ಲಿದ್ದಾರೆ. ಕೊನೆಗೆ ಒಬ್ಬ ಬ್ರೋಕರ್ "ಟೀ ಕಾಫಿ ಖರ್ಚು ಕೊಟ್ಟರೆ ನಾಳೆ ಬರ್ತಾರೆ" ಅಂದ. ಅಷ್ಟರಲ್ಲಿ ಬೇವು ತಾನೇ ಬಿತ್ತು. ಪುಣ್ಯಕ್ಕೆ ಹಸು ಆ ಕಡೆ ಕಟ್ಟಿರಲಿಲ್ಲ.

ವಾರ್ಡ್‌ಸುತ್ತು
ಈ ತಕರಾರು ನ್ಯಾಯವಾದದ್ದೇ, ವಾದ ಮಾಡಲ್ಲ. ಇದಕ್ಕೇ ಸ್ವೀಕೃತಿ ಬಿಡಬೇಡಿ ಅಂದಿದ್ದು. ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. "ಈ ದಿನಾಂಕದ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಏನು ಕ್ರಮ ಆಗಿದೆ, ಕಡತದ ನಕಲು ಕೊಡಿ." 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟೋ ಸಲ ಉತ್ತರಕ್ಕೆ ಮುಂಚೆ ಅಧಿಕಾರಿಯೇ ಮರ ನೋಡೋಕೆ ಬರ್ತಾರೆ. ನಿರಾಕರಿಸಿದರೆ ಮೇಲೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ಬ್ರೋಕರ್ ತರುವ "ಅನುಮತಿ ಪತ್ರ"ದಲ್ಲಿ ಕಡತದ ಸಂಖ್ಯೆ, ಮರದ ಜಾತಿ, ಎಷ್ಟು ಮರ ಅನ್ನೋದು ಇಲ್ಲದಿದ್ದರೆ ಅದು ಬರೀ ಕಾಗದ.

ಕತ್ತಿಕಾಯಿ
ಅಪ್‌ಡೇಟ್. ಅರ್ಜಿ ಅಮ್ಮನ ಸಹಿಯಲ್ಲೇ ಹೋಯಿತು. ಸಹಿ ಹಾಕುವಾಗ "ಕಡಿಸಿ ಅಂತ ಬರೀಬೇಡ, ಬಂದು ನೋಡಿ ಹೇಳಿ ಅಂತ ಬರಿ" ಅಂದರು. ಹಾಗೇ ಬರೆದೆ: ಪರಿಶೀಲಿಸಿ, ಸವರಿದರೆ ಸಾಕೋ, ತೆಗೆಯಲೇಬೇಕೋ ತಿಳಿಸಿ, ತೆಗೆಯಬೇಕಿದ್ದರೆ ಅನುಮತಿ ಕೊಡಿ ಅಂತ.

ಬರೋದು ತಡವಾಯಿತು, ಆದರೆ ಬಂದರು. ಅಧಿಕಾರಿ ಒಬ್ಬರು, ಜೊತೆಗೆ ಗಾರ್ಡ್. ಮೇಲೆ ನೋಡುವುದಕ್ಕೆ ಮುಂಚೆ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಗಾರ್ಡ್ ಕೈಯಿಂದ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಅಣಬೆಯ ಪಕ್ಕ ಒತ್ತಿದರು. ಬಡಿಯಲೇ ಇಲ್ಲ, ಬರೀ ಒತ್ತಿದ್ದು. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದಾಗ ನೆನೆಸಿದ ಕಾಫಿಪುಡಿ ಥರ ಅಂಟಿಕೊಂಡು ಬಂತು, ಹಿಂದೆಯೇ ಇರುವೆ. ಇನ್ನೊಂದು ಪಕ್ಕದಲ್ಲಿ ಒತ್ತಿದಾಗ ಒಂದು ಇಂಚೂ ಹೋಗಲಿಲ್ಲ. "ವಾಲಿರುವ ಕಡೆಯೇ ಕೊಳೆತಿದೆ, ಇದನ್ನು ಸವರಿ ಉಳಿಸೋಕಾಗಲ್ಲಮ್ಮ" ಅಂತ ಅಮ್ಮನಿಗೇ ಹೇಳಿದರು. ಅಮ್ಮ ಮತ್ತೆ ಏನೂ ಕೇಳಲಿಲ್ಲ. ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದರು.

ಅನುಮತಿ ಪತ್ರ ಬಂದಿದೆ. ಗುಲ್‌ಮೊಹರ್ ಒಂದಕ್ಕೆ ಮಾತ್ರ. ಹಿತ್ತಲಲ್ಲೇ ಗಿಡ ನೆಡಬೇಕು ಅಂತ ಷರತ್ತಿದೆ. ಮಾವಿನ ಕೊಂಬೆಯನ್ನು ಬೆಸ್ಕಾಂನವರು ತೆಗೆದು ಹೋದರು, ಸೊಪ್ಪು ಇನ್ನೂ ಗೇಟಿನ ಹತ್ತಿರ ಬಿದ್ದಿದೆ.

ರಾಗಿಮುದ್ದೆ
ಸರಿ ಬಿಡಿ, ನಿಮಗೆ ಒಳ್ಳೇ ಅಧಿಕಾರಿ ಸಿಕ್ಕರು. ಎಲ್ಲರಿಗೂ ಸಿಗಲ್ಲ ಅನ್ನೋ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಈಗ ಕಡಿಸುವಾಗ ಹುಷಾರು. ಆ ಭಾನುವಾರದವರನ್ನು ಕರೆಯಬೇಡಿ. ಬುಡ ಪೊಳ್ಳಾದ ಮರಕ್ಕೆ ಬುಡದಲ್ಲಿ ಗರಗಸ ಹಾಕಿದರೆ ಯಾವ ಕಡೆ ಹೋಗುತ್ತೆ ಅಂತ ದೇವರಿಗೂ ಗೊತ್ತಾಗಲ್ಲ. ಮೇಲಿಂದ ತುಂಡು ತುಂಡಾಗಿ, ಒಂದೊಂದು ಕೊಂಬೆಗೂ ಹಗ್ಗ ಕಟ್ಟಿ ಇಳಿಸಬೇಕು. ಅಷ್ಟೇ ಅಲ್ಲ, ಇಂಥ ಮರಕ್ಕೆ ಜನ ಹತ್ತೋದೂ ಅಪಾಯ. ಕ್ರೇನ್ ಅಥವಾ ಲಿಫ್ಟ್ ಗಾಡಿ ಹಿತ್ತಲವರೆಗೆ ಬರುತ್ತಾ ನೋಡಿ, ಹಿಂದಿನ ರಸ್ತೆಯಿಂದ ಬಂದರೂ ಆಯಿತು. ಕೆಲಸದವರಿಗೆ ಹೆಲ್ಮೆಟ್, ಬೆಲ್ಟ್ ಇದೆಯಾ, ವಿಮೆ ಇದೆಯಾ ಕೇಳಿ. ರೇಟು ಮಾತಾಡುವಾಗ ಕಡಿಯೋದು, ಸಾಗಿಸೋದು, ಬೊಡ್ಡೆ ತೆಗೆಯೋದು ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬೊಡ್ಡೆಗೆ ಆಮೇಲೆ ಕೈ ಚಾಚ್ತಾರೆ.

ಸಂಪಿಗೆರಸ್ತೆ
ಭಾನುವಾರ ಮುಗಿಸಿ ಅಂದವರು ಇವರೇನಾ? 🙂

ರಾಗಿಮುದ್ದೆ
ಕಾನೂನು ಬೇಡ ಅಂದೆ ಮೇಡಂ, ಹಗ್ಗ ಬೇಡ ಅಂದಿಲ್ಲ.

ತೋಟದಮನೆ
ಅನುಮತಿ ಪತ್ರದ ಎರಡು ನಕಲು ತೆಗೆಸಿ. ಒಂದು ಗೇಟಿಗೆ ಅಂಟಿಸಿ. ಗರಗಸದ ಸದ್ದು ಕೇಳಿದ ಕೂಡಲೇ ಯಾರಾದರೂ ದೂರು ಕೊಡ್ತಾರೆ, ಈಗಿನ ಕಾಲದಲ್ಲಿ ಅದು ಒಳ್ಳೆಯದೇ. ಇನ್ನೊಂದನ್ನು ಕಟ್ಟಿಗೆ ಒಯ್ಯುವ ಗಾಡಿಯವನ ಕೈಲಿ ಕೊಡಿ. ಮತ್ತೆ, ಕಡಿಯುವ ಹಿಂದಿನ ದಿನ ಕೊಂಬೆಗಳಲ್ಲಿ ಗೂಡು ಇದೆಯಾ ನೋಡಿ. ಮೊಟ್ಟೆ, ಮರಿ ಇದ್ದರೆ ಅರಣ್ಯ ವಿಭಾಗದವರಿಗೇ ಫೋನ್ ಮಾಡಿ ಹೇಳಿ.

ಕತ್ತಿಕಾಯಿ
ಗೂಡು ಇದೆ, ಖಾಲಿ. ಹದ್ದಿನದು ಅಂತಾರೆ ಅಮ್ಮ. ಗುಲ್‌ಮೊಹರ್ ಬದಲು ಏನು ನೆಡೋದು? ಜಾಗ ಅಷ್ಟೇ ಇರೋದು, ಹಿಂದೆ ಶೀಟಿನ ಮನೆಯೂ ಅಲ್ಲೇ ಇರುತ್ತೆ.

ಸಂಪಿಗೆರಸ್ತೆ
ಅದೇ ಗುಂಡಿಯಲ್ಲಿ ಬೇಡ. ಆ ಅಣಬೆ ಮಣ್ಣಲ್ಲಿ, ಉಳಿದ ಬೇರಲ್ಲಿ ಇನ್ನೂ ಇರುತ್ತೆ. ನಾಲ್ಕೈದು ಅಡಿ ಈಚೆ ನೆಡಿ. ಪಾರಿಜಾತ, ಬಿಲ್ವಪತ್ರೆ, ಹೊಳೆದಾಸವಾಳ, ಮೂರರಲ್ಲಿ ಯಾವುದಾದರೂ ಆಗುತ್ತೆ. ಹೊಳೆದಾಸವಾಳ ಸ್ವಲ್ಪ ದೊಡ್ಡದಾಗುತ್ತೆ, ಆದರೆ ಗುಲ್‌ಮೊಹರ್ ಥರ ಛತ್ರಿ ಬಿಚ್ಚಲ್ಲ. ಒಗೆಯುವ ಕಲ್ಲನ್ನು ಮಾತ್ರ ಬೇರೆ ಕಡೆ ಇಡಿಸಿ.

ಕತ್ತಿಕಾಯಿ
ಅಮ್ಮ ಕರಿಬೇವು ಅಂತಿದ್ದಾರೆ.

ವಾರ್ಡ್‌ಸುತ್ತು
ಅನುಮತಿ ಪತ್ರದಲ್ಲಿ "ಮರದ ಸಸಿ" ಅಂತ ಇರುತ್ತೆ ಸರ್, ಕರಿಬೇವು ಸಾಕಾ ಅಂತ ಅಧಿಕಾರಿಯನ್ನೇ ಒಂದು ಮಾತು ಕೇಳಿ. ಎರಡೂ ನೆಟ್ಟುಬಿಡಿ, ತಕರಾರೇ ಇರಲ್ಲ. ನೆಟ್ಟ ಮೇಲೆ ಫೋಟೋ ತೆಗೆದು ಕಡತಕ್ಕೆ ಸೇರಿಸೋಕೆ ಕೊಟ್ಟು, ಅದಕ್ಕೂ ಸ್ವೀಕೃತಿ ತಗೊಳ್ಳಿ.

ಟೆರೇಸ್‌ಗಿಡ
ನನ್ನ ಹೊಂಗೆ ಅರ್ಜಿಗೆ ಪಕ್ಕದವರು ಸಹಿ ಹಾಕಿದರು! ಡಬ್ಬಿ ಇನ್ನೂ ಕೊಟ್ಟಿಲ್ಲ.